ಚೈನ್‌ಸಾ ಹಲ್ಲು ಹರಿತ ಇದೆ, ಆದರೆ ಕೊಯ್ಯುವಾಗ ಬಾರ್ ಬಲಕ್ಕೆ ವಾಲುತ್ತಿದೆ

ಹೊಸ ಕೈ:
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಚೈನ್ ಮೊಂಡಾದರೆ ಹೊರಗೆ ಕೊಟ್ಟು ಹರಿತ ಮಾಡಿಸುತ್ತಿದ್ದೆ. ಹೋದ ಸಲ ಗ್ರೈಂಡರ್‌ಗೆ ಹಿಡಿದು ಹಲ್ಲಿನ ತುದಿಯೆಲ್ಲ ನೀಲಿಯಾಗುವಷ್ಟು ಸುಟ್ಟು ಕೊಟ್ಟರು. ಇನ್ನು ಸಾಕು ಅಂತ ಹೊಸ ಚೈನ್ ಹಾಕಿಸಿ, ಒಂದು ರೌಂಡ್ ಫೈಲ್ (ದುಂಡನೆಯ ಅರ) ತಂದು ನಾನೇ ಶುರು ಮಾಡಿದೆ.

ಬಾರನ್ನು (ಚೈನ್ ಸುತ್ತುವ ಉದ್ದನೆಯ ಪಟ್ಟಿ) ವೈಸ್‌ಗೆ ಕಚ್ಚಿಸಿ, ಪ್ರತಿ ಹಲ್ಲಿಗೂ ಲೆಕ್ಕ ಹಿಡಿದು ಐದೈದು ಸಲ ಉಜ್ಜುತ್ತೇನೆ. ನಾಲ್ಕು ಸಲ ಹೀಗೆ ಮಾಡಿದ್ದೇನೆ. ಉಗುರಿನ ಮೇಲೆ ಮೆಲ್ಲಗೆ ಇಟ್ಟು ನೋಡಿದರೆ ಹಲ್ಲು ಕಚ್ಚುತ್ತದೆ, ಜಾರುವುದಿಲ್ಲ. ಆದರೆ ದಿಮ್ಮಿಯಲ್ಲಿ ಅರ್ಧ ಇಳಿಯುವಷ್ಟರಲ್ಲಿ ಬಾರ್ ತಾನಾಗಿ ಬಲಕ್ಕೆ ತಿರುಗುತ್ತದೆ. ಕೊಯ್ದ ಬಿಲ್ಲೆ ನೆಲದ ಮೇಲೆ ಇಟ್ಟರೆ ಬಟ್ಟಲಿನ ಹಾಗೆ ಅಲ್ಲಾಡುತ್ತದೆ! ಚೈನ್ 3/8 ಲೋ ಪ್ರೊಫೈಲ್, ಫೈಲ್ 4 ಮಿ.ಮೀ. ತಪ್ಪು ಎಲ್ಲಿದೆ?

ಮೊಂಡು ಹಲ್ಲು:
ಮೊದಲು ಬಾರ್ ನೋಡಿ ಸರ್. ಬಿಚ್ಚಿ, ಗಾಜಿನಂಥ ಸಮತಟ್ಟಾದ ಜಾಗದ ಮೇಲೆ ನೆಟ್ಟಗೆ ನಿಲ್ಲಿಸಿ. ಒಂದು ಕಡೆ ವಾಲಿದರೆ ಅದರ ಅಂಚು ಸವೆದಿದೆ ಅಂತ ಅರ್ಥ. ಆಗ ಚೈನ್ ಎಷ್ಟು ಹರಿತ ಮಾಡಿದರೂ ನೇರ ಕೊಯ್ಯುವುದಿಲ್ಲ.

ಅರದ ಪುಡಿ:
ಬಾರ್ ನೋಡುವುದು ಒಳ್ಳೆಯದೇ. ಆದರೆ ನನಗೆ ಅನುಮಾನ ಆ ‘ಐದೈದು ಸಲ’ದ ಮೇಲೆ. ನೀವು ಬಲಗೈಯವರು ಅಲ್ವಾ? ಒಂದು ಕಡೆಯ ಹಲ್ಲುಗಳಿಗೆ ಕೈ ಸಲೀಸಾಗಿ ಓಡುತ್ತದೆ, ಭಾರ ಬೀಳುತ್ತದೆ. ಇನ್ನೊಂದು ಕಡೆಗೆ ಮೊಣಕೈ ಮಡಚಿಕೊಂಡು ಸುಮ್ನೆ ಸವರಿದ ಹಾಗೆ ಆಗುತ್ತದೆ. ಲೆಕ್ಕ ಐದೇ, ಆದರೆ ಹೋಗುವ ಲೋಹ ಒಂದೇ ಅಲ್ಲ. ನಾನೂ ಮೊದಲ ಚೈನನ್ನು ಹೀಗೇ ಹಾಳು ಮಾಡಿದ್ದು. ಪಾಪ, ಮೆಷಿನ್ನಿಗೆ ಬೈದುಕೊಂಡು ಓಡಾಡಿದ್ದೆ.

ವರ್ನಿಯರ್ ಇದ್ದರೆ ಪ್ರತಿ ಹಲ್ಲಿನ ಮೇಲ್ಭಾಗದ ಉದ್ದ ಅಳೆಯಿರಿ. ಬಲಕ್ಕೆ ಎಳೆಯುತ್ತಿದೆ ಅಂದರೆ ಬಲಗಡೆಯವು ಉದ್ದ ಇರಬೇಕು. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರು. ಉಜ್ಜಿ ಗಿಡ್ಡ ಆದಷ್ಟೂ ಅಂಚು ಕೆಳಗೆ ಇಳಿಯುತ್ತದೆ. ಮುಂದಿರುವ ರೇಕರ್ (ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತಡೆಯುವ ಗುಬುಟು) ಮಾತ್ರ ಇದ್ದಷ್ಟೇ ಎತ್ತರ. ಹಾಗಾಗಿ ಗಿಡ್ಡ ಹಲ್ಲು ಮರವನ್ನು ಕಡಿಮೆ ಕಚ್ಚುತ್ತದೆ, ಉದ್ದದ್ದು ಜಾಸ್ತಿ ಕಚ್ಚಿ ತನ್ನ ಕಡೆ ಎಳೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ ಮಾರ್ಕರ್‌ನಿಂದ ಗುರುತು ಹಾಕಿ, ಉಳಿದವನ್ನು ಅದರ ಅಳತೆಗೆ ತನ್ನಿ. ಒಳಗಿನಿಂದ ಹೊರಕ್ಕೆ ತಳ್ಳುವಾಗ ಮಾತ್ರ ಒತ್ತಿ. ವಾಪಸ್ ತರುವಾಗ ಫೈಲ್ ಎತ್ತಿಬಿಡಿ, ಎಳೆದರೆ ಫೈಲೇ ಮೊಂಡಾಗುತ್ತದೆ. ಹಲ್ಲಿನ ಮೇಲೆ ಓರೆಗೆರೆ ಇದ್ದರೆ ಕೋನಕ್ಕೆ ಅದನ್ನೇ ನೋಡಿಕೊಳ್ಳಿ, ಸಾಮಾನ್ಯವಾಗಿ 30 ಡಿಗ್ರಿ. ಫೈಲಿನ ದಪ್ಪದಲ್ಲಿ ಐದರಲ್ಲೊಂದು ಪಾಲು ಹಲ್ಲಿನ ಮೇಲೆ ಕಾಣುತ್ತಿರಲಿ. ಅಂಚನ್ನು ಬೆಳಕಿಗೆ ಹಿಡಿದಾಗ ಬಿಳಿ ಗೆರೆ ಮಿಂಚಿದರೆ ಇನ್ನೂ ಮೊಂಡು ಇದೆ. ಮಿಂಚು ಮಾಯವಾಗುವ ತನಕ ಉಜ್ಜಿ.

ಆಮೇಲೆ ಗೇಜ್ (ರೇಕರ್ ಎತ್ತರ ನೋಡುವ ಅಳತೆಪಟ್ಟಿ) ಇಟ್ಟು ರೇಕರ್ ನೋಡಿ. ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ಎತ್ತರ ಇದ್ದರೆ ಚಪ್ಪಟೆ ಅರದಿಂದ ಒಂದೆರಡು ಸಲ, ಅಷ್ಟೇ. ಆಸೆಬಿದ್ದು ಜಾಸ್ತಿ ತೆಗೆದರೆ ಗರಗಸ ಒದೆಯುತ್ತದೆ.

ಮೊಂಡು ಹಲ್ಲು:
ಎಲ್ಲಾ ಹಲ್ಲೂ ಒಂದೇ ಅಳತೆಗೆ ಬರಲೇಬೇಕು ಅಂತ ಇಲ್ಲ. ಒಂದೇ ಒಂದು ಮುರಿದ ಹಲ್ಲಿಗೋಸ್ಕರ ಇಡೀ ಚೈನ್ ಸವೆಸುವುದು ದಂಡ.

ಅರದ ಪುಡಿ:
ಒಪ್ಪುತ್ತೇನೆ. ಒಂದೆರಡು ಗಿಡ್ಡ ಇದ್ದರೆ ಅವುಗಳ ರೇಕರ್ ಮಾತ್ರ ಸರಿಮಾಡಿದರೆ ನಡೆಯುತ್ತದೆ. ಒಂದು ಪಕ್ಕದ ಸಾಲಿಗೆ ಸಾಲೇ ಗಿಡ್ಡ ಆಗಿದ್ದರೆ ಅಳತೆಗೆ ತರುವುದೇ ವಾಸಿ. ಹಾಂ, ಹೇಳಲು ಮರೆತೆ. ಕೂರುವ ಮೊದಲು ಸ್ಪಾರ್ಕ್ ಪ್ಲಗ್ ಕ್ಯಾಪ್ ಕಿತ್ತಿಡಿ, ಬ್ಯಾಟರಿಯದಾದರೆ ಬ್ಯಾಟರಿ. ಕೈಗೆ ಗ್ಲೌಸ್ ಇರಲಿ.

ಹೊಸ ಕೈ:
ಅಳೆದೆ. ಎಡಗಡೆಯ 14 ಹಲ್ಲು ಹೆಚ್ಚುಕಡಿಮೆ 7.4 ಮಿ.ಮೀ., ಬಲಗಡೆಯ 14 ಹಲ್ಲು 8.3! ನಾಲ್ಕೇ ಸಲಕ್ಕೆ ಇಷ್ಟು ವ್ಯತ್ಯಾಸ ಮಾಡಿಕೊಂಡಿದ್ದೇನೆ. ಬಾರ್ ಗಾಜಿನ ಮೇಲೆ ನೆಟ್ಟಗೇ ನಿಂತಿತು.

ಬಲಗಡೆಯ ಹಲ್ಲಿಗೆ ಫೈಲ್ ಹಾಕುವಾಗ ಈ ಸಲ ನಾನೇ ವೈಸ್‌ನ ಆಚೆ ಬದಿಗೆ ಹೋಗಿ ನಿಂತೆ. ಎರಡು ಗಂಟೆ ಹಿಡಿಯಿತು, ಹೆಬ್ಬೆರಳು ಮರಗಟ್ಟಿದೆ. ಎರಡೂ ಕಡೆಯ ರೇಕರ್‌ಗಳು ಎಲ್ಲವೂ ಗೇಜ್‌ಗಿಂತ ಮೇಲೆ ಇದ್ದವು, ಅವನ್ನೂ ಇಳಿಸಿದೆ. ಈಗ ಬಾರ್ ಸೀದಾ ಇಳಿಯುತ್ತದೆ. ಹಿಟ್ಟಿನಂಥ ಪುಡಿ ಹೋಗಿ ಅಗಲವಾದ ಚಕ್ಕೆ ಎಗರುತ್ತಿದೆ, ಬೂಟಿನೊಳಗೆಲ್ಲ ಅದೇ.

ಒಂದೇ ಅನುಮಾನ. ಕೊನೆಕೊನೆಗೆ ಫೈಲ್ ಕಚ್ಚದೆ ಜಾರುತ್ತಿತ್ತು. ಎಣ್ಣೆ ಸವರಬೇಕಾ?

ಅರದ ಪುಡಿ:
ಬೇಡವೇ ಬೇಡ, ಎಣ್ಣೆ ಹಾಕಿದರೆ ಪುಡಿ ಸಂದಿಯಲ್ಲಿ ಅಂಟಿಕೊಂಡು ಇನ್ನೂ ಜಾರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ, ಫೈಲನ್ನು ಹಿಡಿಯಲ್ಲಿ ಸ್ವಲ್ಪ ತಿರುಗಿಸಿ ಹೊಸ ಮೈ ಮುಂದೆ ತನ್ನಿ. ಆಗಲೂ ಜಾರಿದರೆ ಆ ಫೈಲಿನ ಕಥೆ ಮುಗಿಯಿತು, ಇನ್ನೊಂದು ತನ್ನಿ.