ಅಪ್‌ಡೇಟ್: ಹಿರಿಯರಿಗೆ ಹೊತ್ತು ಹೋಗೋಕೆ ಕೊನೆಗೂ ನಿಂತಿದ್ದು ಚೌಕಾಬಾರ

ದಾವಣಗೆರೆ ಬಿಸಿಲಿಗೆ ಹೊರಗೆ ಹೋಗಲಾಗದ, ಮಂಡಿನೋವಿರುವ ಹಿರಿಯರಿಗೆ ಮನೆಯಲ್ಲಿ ಬೇಜಾರಾಗದ ಹಾಗೆ ಏನು ಮಾಡಬಹುದು ಅಂತ ಕೇಳಿದ್ದೆ. ಬಂದ ಸಲಹೆಗಳಲ್ಲಿ ಚೌಕಾಬಾರ, ಅಂದರೆ ಕವಡೆ ಹಾಕಿ ಮನೆಯಿಂದ ಮನೆಗೆ ಕಾಯಿ ನಡೆಸುವ ಆಟ, ಗೆದ್ದಿತು. ಪದಬಂಧ ಎರಡೇ ದಿನಕ್ಕೆ ಮೂಲೆ ಸೇರಿತು, ಅಕ್ಷರ ಅಷ್ಟು ಸಣ್ಣ.

ಹಾಸು ದೊಡ್ಡದಿರಲಿ. ರಟ್ಟಿನ ಮೇಲೆ 15 ಇಂಚಿನ ಚೌಕ ಎಳೆದು 5×5 ಮನೆ ಮಾಡಿದರೆ ಒಂದೊಂದೂ 3 ಇಂಚು. ನಾಲ್ಕು ಬದಿಯ ನಡುಮನೆಗೂ ಮಧ್ಯದ ಮನೆಗೂ ಗೀಟು ಹಾಕಿ ಕಟ್ಟೆ ಮಾಡಿ, ಅಂದರೆ ಅಲ್ಲಿರೋ ಕಾಯನ್ನು ಹೊಡೆಯುವಂತಿಲ್ಲ. ನೆಲದಲ್ಲಿ ಬೇಡ, ಟೀಪಾಯಿ ಮೇಲಿಡಿ.

ಕವಡೆ ಇಲ್ಲದಿದ್ದರೆ 4 ಹುಣಸೆಬೀಜ ಸಾಕು. ಒಂದೇ ಮಗ್ಗುಲನ್ನು ಒರಟು ಕಲ್ಲಿಗೆ ನೀರು ಹಾಕಿ ತೇಯಿರಿ. ಕಂದು ಸಿಪ್ಪೆ ಹೋಗಿ ಬಿಳಿ ಕಂಡ ಕೂಡಲೇ ನಿಲ್ಲಿಸಿ. ತೀರಾ ತೇಯ್ದರೆ ಬೀಜ ಒಂದೇ ಮಗ್ಗುಲಿಗೆ ಬೀಳೋಕೆ ಶುರುವಾಗುತ್ತೆ, ಆಮೇಲೆ ಜಗಳ. ನಾಲ್ಕೂ ಬಿಳಿ ಬಿದ್ದರೆ ಚೌಕ, 4. ನಾಲ್ಕೂ ಕಂದು ಬಿದ್ದರೆ ಬಾರ, 8. ಎರಡಕ್ಕೂ ಮತ್ತೊಂದು ಗರ, ಅಂದರೆ ಬೀಜ ಇನ್ನೊಮ್ಮೆ ಹಾಕಬಹುದು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ ಅನ್ನೋದನ್ನು ಮೊದಲೇ ಮಾತಾಡಿಕೊಳ್ಳಿ. ಒಳಗೆ ಹೋದ ಮೇಲೆ ನಡೆ ತಿರುಗುತ್ತೆ, ಮರೆವು ಇರೋರಿಗೆ ಅಲ್ಲೇ ಗೊಂದಲ. ಸ್ಕೆಚ್‌ಪೆನ್ನಲ್ಲಿ ಬಾಣ ಬರೆದಿಟ್ಟರೆ ಆಯ್ತು.

ಬೆಳಗಿನ ಹೊತ್ತು ಕಳೆಯೋಕೆ ಮನೆಯಲ್ಲೇ ಮೆಂತ್ಯೆಸೊಪ್ಪು ಬೆಳೆಸಬಹುದು: ಬೀಜ ರಾತ್ರಿ ನೆನೆಸಿ, ತಳ ತೂತಾದ ಟ್ರೇನಲ್ಲಿ ಹರಡಿ, ತೆಳ್ಳಗೆ ಮಣ್ಣು ಉದುರಿಸಿ. ತೂತಿಲ್ಲದಿದ್ದರೆ ನೀರು ನಿಂತು ಕೊಳೆಯುತ್ತೆ. ಕೊತ್ತಂಬರಿ ಹಾಕೋದಾದರೆ ಕಾಳನ್ನು ಮೊದಲು ಎರಡು ಹೋಳು ಮಾಡಿಕೊಳ್ಳಿ.