ಸಹಾಯ ಬೇಕು: ಚಿಕ್ಕಮಗಳೂರಿನಲ್ಲಿ ಔಷಧಿ ಹೊಡೆಯದ ಕರಿಬೇವು ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಿಂಬೆ ಚಿಟ್ಟೆಯ ಹುಳುಗಳನ್ನು ಸಾಕುತ್ತಿದ್ದೇನೆ. ಮೊದಲು ಹಕ್ಕಿ ಹಿಕ್ಕೆಯ ಹಾಗಿದ್ದವು, ಈಗ ಹಸಿರಾಗಿ ದಪ್ಪ ಆಗಿವೆ, ತಿನ್ನುವ ವೇಗ ನೋಡಿದರೆ ಕುಂಡದ ಕರಿಬೇವು ನಾಳೆಗೆ ಬರೀ ಕಡ್ಡಿ. ಅಂಗಡಿ ಸೊಪ್ಪು ತೊಳೆದು ಹಾಕಿ ಅನ್ನಬೇಡಿ, ಔಷಧಿ ಬಿದ್ದಿದ್ದರೆ ತೊಳೆದರೂ ನಂಬೋಕಾಗಲ್ಲ. ನಿಂಬೆ ಎಲೆಯಾದರೂ ಸರಿ. ತೋಟದವರು ಕೊಡುವುದಾದರೆ ಬೋರ್ಡೋ (ಮೈಲುತುತ್ತು-ಸುಣ್ಣದ ಔಷಧಿ) ಹೊಡೆದ ಕಡೆಯದು ಬೇಡ, ಹಿತ್ತಲಿನದು ಕೊಡಿ, ನಾನೇ ಬಂದು ಕೊಯ್ದುಕೊಳ್ಳುತ್ತೇನೆ.

ಇನ್ನೊಂದು ವಿಷಯ. ಇವು ಕೋಶ ಕಟ್ಟುವಾಗ ಬಾಲ ಅಂಟಿಸಿ, ಸೊಂಟಕ್ಕೆ ಒಂದು ರೇಷ್ಮೆ ಎಳೆ ಸುತ್ತಿಕೊಳ್ಳುತ್ತವೆ ಅಲ್ವಾ, ಒಂದರ ಎಳೆ ಕಡಿದು ಕೋಶ ಕೆಳಗೆ ಬಿದ್ದಿದೆ, ಜೀವ ಇದೆ, ಮುಟ್ಟಿದರೆ ಅಲುಗುತ್ತದೆ. ಇದನ್ನು ಕಡ್ಡಿಗೆ ಒರಗಿಸಿ ಕಟ್ಟಬೇಕಾ, ಸುಮ್ನೆ ಹತ್ತಿ ಬಟ್ಟೆ ಮೇಲೆ ಮಲಗಿಸಿದರೆ ಸಾಕಾ? ಚಿಟ್ಟೆ ಹೊರಬಂದ ಮೇಲೆ ರೆಕ್ಕೆ ಬಿಚ್ಚಿ ಒಣಗಲು ಹಿಡಿದುಕೊಳ್ಳೋಕೆ ಜಾಗ ಬೇಕಲ್ಲ, ಇಲ್ಲದಿದ್ದರೆ ರೆಕ್ಕೆ ಮುದುರಿಯೇ ಉಳಿಯುತ್ತದೆ.

ಮತ್ತೆ, ಮಳೆ ಜೋರಾಗಿರುವಾಗ ಹೊರಬಂದರೆ ನೀವೆಲ್ಲ ಒಳಗೆ ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ, ಸಕ್ಕರೆ ನೀರು ಕೊಡುತ್ತೀರಾ? ಪಾರ್ಕಿನಲ್ಲಿ ನಮ್ಮ ಜೊತೆ ಸ್ವಯಂಸೇವೆಗೆ ಬರುವ ಮಕ್ಕಳು, ಚಿಟ್ಟೆಗಳನ್ನು ಹೊರಗೆ ಬಿಡುವುದನ್ನು ನೋಡಲು ಕಾಯುತ್ತಿದ್ದಾರೆ. ಸಾಕಿ ಗೊತ್ತಿರುವವರು ಇಲ್ಲೇ ಉತ್ತರಿಸಿ, ಎಲೆ ಇರುವವರು ಇವತ್ತೇ ಮೆಸೇಜ್ ಮಾಡಿ.