‘ಎಣ್ಣೆ ಫಿಲ್ಟರ್’ ಅಂದರೆ ಯಾವುದು? ಒಂದು ಪದ ಬೇಕಾಗಿದೆ

ಗೆಳೆಯರೇ, ಕಾರಿನ ಎಂಜಿನ್‌ಗೆ ಹೋಗುವ ಗಾಳಿಯನ್ನು ಸೋಸುವ ಏರ್ ಫಿಲ್ಟರಿನಲ್ಲಿ ಎಣ್ಣೆ ಬೇಕಾಗುವ ಒಂದು ಬಗೆ ಇದೆ, ಅದಕ್ಕೆ ಒಂದು ಕನ್ನಡ ಪದ ಹುಡುಕುತ್ತಿದ್ದೇನೆ. ಅದು ಸಿಗದೆ ಹೋದದ್ದಕ್ಕೆ ಒಂದು ಕಾರಿನ ಎಂಜಿನ್ ಕೆಡುವುದರಲ್ಲಿತ್ತು.

ಅಕ್ಕನ ಮಗ ತೀರ್ಥಹಳ್ಳಿಯಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಕಾರಿನ ಪಿಕಪ್ ಜಾಸ್ತಿ ಮಾಡಿಸಿಕೊಳ್ಳುವ ಹುಡುಗರು, ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ್‍ಯಾಲಿ ಓಡಿಸುವ ಆಸೆ ಇರುವವರು ಅವನಲ್ಲಿಗೆ ಬರುತ್ತಾರೆ. ‘ಮಾವ, ಏರ್ ಫಿಲ್ಟರ್ ನೋಡಿಕೊಳ್ಳೋದು ಹೇಗೆ ಅಂತ ಒಂದು ಪುಟ ಕನ್ನಡದಲ್ಲಿ ಬರೆದುಕೊಡಿ, ಎಲ್ಲರಿಗೂ ಹಂಚುತ್ತೇನೆ’ ಅಂದ. ಬರೆದುಕೊಟ್ಟೆ. ಅದರಲ್ಲಿ ‘ತೊಳೆದು, ಚೆನ್ನಾಗಿ ಒಣಗಿಸಿ, ಮತ್ತೆ ಕೂರಿಸಿ’ ಅಂತ ಒಂದು ಸಾಲು ಇತ್ತು. ಎಣ್ಣೆಯ ಮಾತು ಅದರ ಕೆಳಗೆ ಬೇರೆ ಸಾಲಿನಲ್ಲಿತ್ತು.

ಒಬ್ಬ ಹುಡುಗ ಮೊದಲ ಸಾಲಿಗೇ ನಿಂತ. ಅವನ ಕಾರಿನಲ್ಲಿದ್ದದ್ದು ಹತ್ತಿಬಟ್ಟೆಯ ಫಿಲ್ಟರ್. ತೊಳೆದ, ಬಿಸಿಲಿಗಿಟ್ಟ, ಹಾಗೇ ಕೂರಿಸಿದ. ಫೆಬ್ರವರಿ, ಮಾರ್ಚ್ ಪೂರ್ತಿ ಮಣ್ಣುದಾರಿಯಲ್ಲಿ ಓಡಿಸಿದ. ಏಪ್ರಿಲ್‌ನಲ್ಲಿ ಅಳಿಯ ಫಿಲ್ಟರ್ ಬಿಚ್ಚಿ, ಅದರ ಹಿಂದಿನ ರಬ್ಬರ್ ಕೊಳವೆಯ ಒಳಗೆ ಬೆರಳಾಡಿಸಿ ತೋರಿಸಿದ. ಬೆರಳ ತುದಿಯಲ್ಲಿ ಕುಂಕುಮದಷ್ಟು ನುಣುಪಾದ ಕೆಂಪು ಧೂಳು. ಫಿಲ್ಟರ್ ದಾಟಿ ಒಳಗೆ ಹೋದದ್ದು! ಎಂಜಿನ್‌ಗೆ ಇನ್ನೂ ಪೆಟ್ಟಾಗಿರಲಿಲ್ಲ, ಪುಣ್ಯ. ಆದರೆ ಅವತ್ತಿಂದ ನನಗೆ ಆ ಹಾಳೆಯದೇ ಯೋಚನೆ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಅದರ ತೂಕದ 14.7 ಪಟ್ಟು ಗಾಳಿ ಬೇಕು. ಅಳತೆಯಲ್ಲಿ ಹೇಳಿದರೆ ಸುಮಾರು 9000 ಲೀಟರ್. ಅಷ್ಟೂ ಗಾಳಿ ಫಿಲ್ಟರ್ ಮೂಲಕವೇ ಹೋಗಬೇಕು. ಕಂಪನಿಯಿಂದ ಬರುವ ಕಾರುಗಳಲ್ಲಿ ಸಾಮಾನ್ಯವಾಗಿ ನೆರಿಗೆ ಹಿಡಿದ ಕಾಗದದ ಫಿಲ್ಟರ್ ಇರುತ್ತದೆ. ಅದರ ನಾರುಗಳು ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ, ಧೂಳು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನು ತೊಳೆಯುವ ಹಾಗಿಲ್ಲ, ಕೊಳೆ ಆದರೆ ಎಸೆದು ಹೊಸದು ಹಾಕಬೇಕು. ಸಿಂಥೆಟಿಕ್ ನೂಲಿನದೂ ಇದೆ. ಅದರಲ್ಲಿ ಕೆಲವನ್ನು ತೊಳೆಯಬಹುದು, ಆದರೆ ಎಣ್ಣೆ ಸೋಕಿಸಬಾರದು. ಈ ಎರಡಕ್ಕೂ ಇಂಗ್ಲಿಷಿನಲ್ಲಿ ‘ಡ್ರೈ’ ಅನ್ನುತ್ತಾರೆ. ಇನ್ನೊಂದು ಬಗೆ ಕೆ ಅಂಡ್ ಎನ್ ಅನ್ನುವ ಕಂಪನಿಯ ಫಿಲ್ಟರಿನ ತರಹದ್ದು. ತಂತಿ ಜಾಲರಿಗಳ ನಡುವೆ ನಾಲ್ಕಾರು ಪದರ ಬ್ಯಾಂಡೇಜಿನಂಥ ಸಡಿಲ ಹತ್ತಿಬಟ್ಟೆ. ಬಟ್ಟೆಯ ಕಣ್ಣು ದೊಡ್ಡದು, ಗಾಳಿ ಸಲೀಸಾಗಿ ಹೋಗುತ್ತದೆ. ಧೂಳು ಹಿಡಿಯೋದು ಮುಖ್ಯವಾಗಿ ಅದರ ಮೇಲಿನ ಅಂಟಂಟು ಎಣ್ಣೆ. ಎಣ್ಣೆ ಇಲ್ಲ ಅಂದರೆ ಅದು ಜರಡಿ ಅಷ್ಟೇ.

ಯಾವುದು ಒಳ್ಳೆಯದು ಅಂತ ಕೇಳಿದರೆ, ಊರಿಂದ ಊರಿಗೆ ಓಡುವ ಮಾಮೂಲಿ ಕಾರಿಗೆ ಕಾಗದದ್ದೇ ಸಾಕು ಅಂತ ನನ್ನ ಅಭಿಪ್ರಾಯ. ಅದು ನುಣುಪು ಧೂಳನ್ನು ಸಾಮಾನ್ಯವಾಗಿ ಚೆನ್ನಾಗಿ ಹಿಡಿಯುತ್ತದೆ, ಎಣ್ಣೆಯದರಿಂದ ಮಾಮೂಲಿ ಕಾರಿಗೆ ಸಿಗುವ ಪವರ್ ತೀರಾ ಸ್ವಲ್ಪ. ಆ ಚರ್ಚೆ ಬೇರೆ ಇಟ್ಟುಕೊಳ್ಳೋಣ. ಇಲ್ಲಿ ನನ್ನ ಕಷ್ಟ ಹೆಸರಿನದು.

ಮೊದಲು ‘ಎಣ್ಣೆ ಫಿಲ್ಟರ್’ ಅಂತ ಬರೆದಿದ್ದೆ. ಆ ಹಾಳೆ ಹಿಡಿದು ಶಿವಮೊಗ್ಗದಲ್ಲಿ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದವನಿಗೆ ಎಂಜಿನ್ ಆಯಿಲ್ ಸೋಸುವ ಡಬ್ಬಿಯಂಥ ಆಯಿಲ್ ಫಿಲ್ಟರ್ ಕೊಟ್ಟು ಕಳಿಸಿದರು. ಅಂಗಡಿಯವರದು ತಪ್ಪಲ್ಲ. ‘ನೀರಿನ ಫಿಲ್ಟರ್’ ಅಂದರೆ ನೀರನ್ನು ಸೋಸೋದು, ‘ಗಾಳಿ ಫಿಲ್ಟರ್’ ಅಂದರೆ ಗಾಳಿಯನ್ನು ಸೋಸೋದು. ಹಾಗಾದರೆ ‘ಎಣ್ಣೆ ಫಿಲ್ಟರ್’ ಎಣ್ಣೆಯನ್ನೇ ಸೋಸಬೇಕಲ್ವಾ? ಮುಂದೆ ಬರುವ ಹೆಸರು ಸೋಸುವ ವಸ್ತುವಿನದು ಅಂತ ನಮ್ಮ ಕಿವಿ ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ.

‘ಒಣ ಫಿಲ್ಟರ್’ ಇನ್ನೂ ತೊಡಕು. ಕನ್ನಡದಲ್ಲಿ ಒಣ ಅಂದ ಕೂಡಲೇ ಎದುರಿಗೆ ನಿಲ್ಲೋದು ಹಸಿ. ಒಣಮೆಣಸು, ಹಸಿಮೆಣಸು. ಕಸದ ಗಾಡಿ ದಿನಾ ಬೆಳಿಗ್ಗೆ ಕೂಗಿಕೊಂಡು ಬರುವ ಹಸಿ ಕಸ, ಒಣ ಕಸ. ಹಾಗಾಗಿ ಒಣ ಫಿಲ್ಟರ್ ಅಂದರೆ ಕೇಳಿದವರ ತಲೆಯಲ್ಲಿ ನೀರು ಬರುತ್ತದೆ, ಎಣ್ಣೆ ಬರುವುದಿಲ್ಲ. ಮಳೆಗಾಲದಲ್ಲಿ ಒಬ್ಬರು ಬಂದು, ‘ಆಗುಂಬೆ ಘಾಟಿ ಹತ್ತಬೇಕು, ಒಣ ಫಿಲ್ಟರ್ ಆಗುತ್ತಾ?’ ಅಂತ ಕೇಳಿದರಂತೆ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಸುರಿಯುವ ಜಾಗ, ಕೇಳೋದು ನ್ಯಾಯವೇ. ಕಾಗದ ನೆನೆದರೆ ಉಬ್ಬಿ ಗಾಳಿ ಕಟ್ಟುತ್ತದೆ ಅನ್ನೋದೂ ನಿಜ. ಆದರೆ ‘ಒಣ’ ಅನ್ನುವ ಹೆಸರು ಬಂದದ್ದು ಮಳೆಯಿಂದಲ್ಲ. ಎಣ್ಣೆ ಇಲ್ಲದ್ದು ಅನ್ನುವುದಷ್ಟೇ ಅದರ ಅರ್ಥ.

ಇನ್ನೊಂದು, ಇದು ನನಗೆ ಹೊಳೆದದ್ದು ಅಡುಗೆಮನೆಯಲ್ಲಿ. ಹಲಸಿನಹಣ್ಣು ಬಿಡಿಸುವ ಮುಂಚೆ ಮನೆಯವಳು ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದಳು. ಮೇಣ ಅಂಟಬಾರದು ಅಂತ. ದೋಸೆ ಕಾವಲಿಗೂ ಅದಕ್ಕೇ. ನಮ್ಮ ಬದುಕಿನಲ್ಲಿ ಎಣ್ಣೆ ಹಚ್ಚೋದು ಅಂಟದಿರಲಿ ಅಂತ. ಫಿಲ್ಟರಿಗೆ ಹಚ್ಚೋದು ಅಂಟಲಿ ಅಂತ. ‘ಎಣ್ಣೆ ಹಚ್ಚಿ’ ಅಂತ ಓದಿದ ಹುಡುಗನಿಗೆ ಅದು ಬಾಗಿಲ ಕೀಲಿಗೆ ಬಿಡುವ ಎಣ್ಣೆಯ ಹಾಗೆ, ಹಾಕಿದರೂ ಸರಿ ಬಿಟ್ಟರೂ ಸರಿ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ತರಕಾರಿ ಬೆಳೆಯುವವರು ಹುಳ ಹಿಡಿಯಲು ಗದ್ದೆಯಲ್ಲಿ ಕಟ್ಟುವ ಹಳದಿ ಹಾಳೆಗೆ ‘ಅಂಟು ಬಲೆ’ ಅನ್ನುತ್ತಾರೆ. ಎಷ್ಟು ಚೆಂದದ ಹೆಸರು! ಅದಕ್ಕೆ ಹಚ್ಚಿದ್ದು ಏನು ಅಂತ ಹೇಳುವುದಿಲ್ಲ, ಅದು ಮಾಡುವ ಕೆಲಸ ಹೇಳುತ್ತದೆ. ಆ ದಾರಿಯಲ್ಲಿ ಹೋಗಿ ‘ಅಂಟು ಫಿಲ್ಟರ್’ ಅಂದು ನೋಡಿದೆ. ಗ್ಯಾರೇಜಿನ ಹುಡುಗರಿಗೆ ಗಮ್ ಹಾಕಿ ಅಂಟಿಸುವ ಫಿಲ್ಟರ್ ಅಂತ ಕೇಳಿಸಿತು. ‘ಜಿಡ್ಡು’ ಬೇಡ. ಜಿಡ್ಡು ಹಿಡಿದದ್ದು ಅಂದರೆ ಕೊಳೆಯಾದದ್ದು.

ಈಗ ನನ್ನ ಮನಸ್ಸು ‘ಪಸೆ’ ಮೇಲೆ ನಿಂತಿದೆ. ನಮ್ಮ ಕಡೆ ‘ತಲೆಯಲ್ಲಿ ಎಣ್ಣೆ ಪಸೆಯೇ ಇಲ್ಲ’ ಅನ್ನುತ್ತೇವೆ. ನಾಲಿಗೆಯ ಪಸೆ ಆರಿತು ಅನ್ನುತ್ತೇವೆ. ಪಸೆ ಅಂದರೆ ತೊಟ್ಟಿಕ್ಕುವುದಲ್ಲ, ಒಳಗೆ ಹಿಡಿದು ನಿಂತದ್ದು. ಫಿಲ್ಟರಿಗೆ ಬೇಕಾದದ್ದೂ ಅಷ್ಟೇ. ಎಣ್ಣೆ ಜಾಸ್ತಿಯಾದರೆ ಗಾಳಿಯ ಜೊತೆ ಹೋಗಿ ಏರ್‌ಫ್ಲೋ ಸೆನ್ಸರಿನ ಕಾದ ತಂತಿಗೆ ಕೂರುತ್ತದೆ, ಅದು ಗಾಳಿಯನ್ನು ತಪ್ಪಾಗಿ ಅಳೆಯುತ್ತದೆ. ಆರಿದರೆ ಧೂಳು ಒಳಗೆ. ‘ಪಸೆ ಫಿಲ್ಟರ್’ ಅಂದರೆ ಈ ಎರಡು ಎಚ್ಚರಿಕೆಯೂ ಹೆಸರಿನಲ್ಲೇ ಇರುತ್ತದೆ. ‘ಪಸೆ ಆರಿದೆಯಾ ನೋಡು’ ಅಂತ ಬರೆಯಬಹುದು. ಟಿಲ್ಲರಿನಲ್ಲಿ ಎಣ್ಣೆಯ ಬಟ್ಟಲಿನ ಮೇಲೆ ಗಾಳಿ ಹಾಯಿಸುವ ಹಳೆಯ ಬಗೆ ಇದೆಯಲ್ಲ, ಅದರ ಜೊತೆಗೂ ಗೊಂದಲ ಆಗುವುದಿಲ್ಲ.

ಕ್ರಿಯಾಪದ ಇನ್ನೂ ಸಿಕ್ಕಿಲ್ಲ. ಕೆಲಸ ಹೀಗೆ: ತೊಳೆದು ಒಣಗಿದ ಮೇಲೆ ಪ್ರತಿ ನೆರಿಗೆಯ ಉದ್ದಕ್ಕೂ ಒಂದೊಂದು ಗೆರೆ ಎಣ್ಣೆ ಬಿಟ್ಟು, ಇಪ್ಪತ್ತು ನಿಮಿಷ ಸುಮ್ನೆ ಇಡಬೇಕು. ಎಣ್ಣೆಗೆ ಕೆಂಪು ಬಣ್ಣ ಇರುತ್ತದೆ. ಬಟ್ಟೆಯಲ್ಲಿ ಅದು ನಿಧಾನಕ್ಕೆ ಹರಡುತ್ತದೆ, ಬಿಳಿ ಉಳಿದ ಕಡೆ ಇನ್ನೊಂದು ಹನಿ ಬಿಡಬೇಕು. ಅಡಿಕೆಗೆ ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಕೆಂಪು ಎಲ್ಲ ಕಡೆ ಹಿಡಿಯಿತಾ ಅಂತ ನೋಡುತ್ತೇವಲ್ಲ, ಹಾಗೇ. ‘ಹಚ್ಚು’ ಅಂದರೆ ಉಜ್ಜುತ್ತಾರೆ, ‘ಹಾಕು’ ಅಂದರೆ ಸುರಿಯುತ್ತಾರೆ. ‘ಪಸೆ ಹಿಡಿಸು’ ಅನ್ನಬಹುದಾ? ‘ಎಣ್ಣೆ ಊಡು’ ಅನ್ನೋದು ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯಾ?

ಹಾಗೇ ಕೇಳುತ್ತೇನೆ, ಬಯಲುಸೀಮೆಯವರಿಗೆ, ಕರಾವಳಿಯವರಿಗೆ ಪಸೆ ಅಂದರೆ ಬರೀ ನೀರಿನ ತೇವವಾ, ಎಣ್ಣೆಗೂ ಹೇಳುತ್ತೀರಾ? ನೀರು ಅಂತಲೇ ಕೇಳಿಸಿದರೆ ನನ್ನ ಪದ ಮತ್ತೆ ‘ಹಸಿ’ಯ ಗುಂಡಿಗೇ ಬೀಳುತ್ತದೆ. ನಿಮ್ಮೂರಿನ ಗ್ಯಾರೇಜಿನಲ್ಲಿ ಇದಕ್ಕೆ ಏನನ್ನುತ್ತಾರೋ ಅದನ್ನು ಅವರ ಬಾಯಲ್ಲಿ ಬಂದ ಹಾಗೇ ತಿಳಿಸಿ. ಹೊಸ ಹಾಳೆಯಲ್ಲಿ ಎರಡು ಸಾಲನ್ನು ಕೂಡಿಸಿ ಒಂದೇ ಮಾಡಿದ್ದೇನೆ: ‘ತೊಳೆದು, ಒಣಗಿಸಿ, ಎಣ್ಣೆ —, ಆಮೇಲೆ ಕೂರಿಸಿ’. ಆ ಖಾಲಿ ಜಾಗ ತುಂಬಿದ ಮೇಲೆ ಅಚ್ಚಿಗೆ ಕೊಡುತ್ತೇನೆ.